ಬೆನ್ನ ಮೇಲೆ ಬೆರಳು

ಚಳಿಗಾಲದ ಸೋಮವಾರ, ಬಿಸಿಲು ಇನ್ನೂ ಗೋಡೆ ಹತ್ತದ ಹೊತ್ತು. ಸತ್ತವನ ತಮ್ಮನ ಮಗ ಮತ್ತೊಂದು ಸಲ ಕಾರಿನ ಕೀ ತಿರುಗಿಸಿದ. ಎಂಜಿನ್ ಸುತ್ತಿತು, ನರಳಿತು, ನಿಂತಿತು. ಹಿಂದಿನ ಸೀಟು ಮಡಚಿದ ಆ ಉದ್ದನೆಯ ಹಳೇ ಡೀಸೆಲ್ ಕಾರಿನಲ್ಲಿ ಅದರ ಯಜಮಾನನೇ ಹೆಣವಾಗಿ ಮಲಗಿದ್ದ. ಬದುಕೆಲ್ಲ ಇಂಥ ಗಾಡಿಗಳನ್ನೇ ರಿಪೇರಿ ಮಾಡಿದವನು.

"ಹೀಟರ್ ಪ್ಲಗ್ ಬಿಸಿ ಆಗ್ಲಿ ಬಿಡೋ, ಅವಸರ ಮಾಡ್ಬೇಡ," ಅಂದ ಸತ್ತವನ ತಮ್ಮ.

"ಬಿಸಿ ಆಗಿದೆ ಅಪ್ಪಾ. ಚಳಿಗೆ ಹಿಡ್ಕೊಂಡಿದೆ."

ಸತ್ತವನ ಮಗಳು ಕಾರಿನ ಹಿಂದೆ ನಿಂತಿದ್ದಳು. ಮೂವತ್ತು ದಾಟಿದವಳು. ಅತ್ತು ಮುಖ ಊದಿತ್ತು, ಆದರೂ ಕಣ್ಣು ಸೈಲೆನ್ಸರ್ ಮೇಲಿತ್ತು. ಎಂಜಿನ್ ಅಷ್ಟು ಸುತ್ತಿದರೂ ಒಂದೆಳೆ ಹೊಗೆ ಬಂದಿರಲಿಲ್ಲ.

"ಚಿಕ್ಕಪ್ಪ, ಪ್ಲಗ್ ಕೆಟ್ಟಿದ್ರೆ ಬಿಳಿ ಹೊಗೆ ಬರ್ಬೇಕಿತ್ತು. ಹೊಗೇನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಿಲ್ಲ. ಲೈನಲ್ಲಿ ಗಾಳಿ ಸೇರಿದೆ. ಬಾನೆಟ್ ತೆಗೀರಿ, ನಾನು ನೋಡ್ತೀನಿ."

"ನೋಡಮ್ಮ, ಇವತ್ತು ನಿನ್ನ ಪಾಲಿಗೆ ಅಳೋ ಕೆಲಸ ಒಂದೇ. ಅದನ್ನ ಮಾಡು."

ಅವಳೇ ಬಾನೆಟ್ಟಿಗೆ ಕೈ ಹಾಕಿದಳು. ತಾಯಿ ಬಂದು ಆ ಕೈ ಹಿಡಿದು ಹಿಂದಕ್ಕೆ ಎಳೆದಳು. "ಜನ ನೋಡ್ತಿದಾರೆ ಕಣೆ."

ಅಷ್ಟರಲ್ಲಿ ಬ್ಯಾಟರಿಯೂ ಕೂತುಹೋಯಿತು. ಬಂದಿದ್ದ ಗಂಡಸರೆಲ್ಲ ಹೆಗಲು ಕೊಟ್ಟು ಕಾರನ್ನು ಸ್ಮಶಾನದವರೆಗೆ ತಳ್ಳಿದರು.

"ಊರಿನ ಗಾಡಿ ಎಲ್ಲ ಎಬ್ಬಿಸಿದೋನು, ಕೊನೆಗೆ ನಮ್ಮ ಕೈಲಿ ತಳ್ಳಿಸ್ಕೋತಾನೆ ನೋಡು," ಅಂದ ಪಕ್ಕದ ಟೈರ್ ಅಂಗಡಿಯವ.

"ಬಾಯಿ ಮುಚ್ಕೊಂಡು ತಳ್ಳಯ್ಯ, ದಿಣ್ಣೆ ಬಂತು," ಅಂದ ಇನ್ನೊಬ್ಬ.

"ಅಲ್ಲ, ಏನು ಕಿವಿ ಮಾರಾಯ ಅವನದು! ಸ್ಕ್ರೂಡ್ರೈವರ್ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಇಂಥಾ ಕಡೆ ಅಂತ ಬೆರಳಿಟ್ಟು ತೋರಿಸ್ತಿದ್ದ. ಅಂಥಾ ಕಿವಿ ಇನ್ನು ಹುಟ್ಟಲ್ಲ ಬಿಡು."

ಮಗಳು ಹಿಂದೆ ನಡೆಯುತ್ತ ಕೇಳಿಸಿಕೊಂಡಳು.

*

ಆ ಕಿವಿ ಹೋಗಿ ಬಹಳ ವರ್ಷವಾಗಿತ್ತು. ಎಂಜಿನ್ನುಗಳ ಸದ್ದೇ ಅದನ್ನು ತಿಂದುಹಾಕಿತ್ತು. ಹಳೇ ಡೀಸೆಲ್ ಕಾರಿನ ಹೊಗೆಯೇನೋ ಕಣ್ಣಿಗೆ ಕಾಣುತ್ತದೆ. ಆದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಬಿರಿದರೆ ಒಂದು ಹನಿಯೂ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿ ನಿಂತಲ್ಲೇ ಡೀಸೆಲ್ ಟ್ಯಾಂಕಿಗೆ ವಾಪಸ್ಸು ಇಳಿದುಬಿಡುತ್ತದೆ, ಬೆಳಿಗ್ಗೆ ಗಾಡಿ ಏಳುವುದಿಲ್ಲ. ಆ ಬಿರುಕು ಎಲ್ಲಿದೆ ಅಂತ, ಕಿವಿ ಚೆನ್ನಾಗಿದ್ದ ಕಾಲದಲ್ಲಿ, ಅವನು ಸಣ್ಣ ಸುಯ್ ಶಬ್ದದಿಂದಲೇ ಹಿಡಿಯುತ್ತಿದ್ದ. ಗಿರಾಕಿಗಳು ಬರುತ್ತಿದ್ದದ್ದೇ ಆ ಕಿವಿಯನ್ನು ನಂಬಿ.

ಕಿವಿ ಹೋದ ಮೇಲೆ ಮಗಳಿಗೆ ಉಪಾಯ ಹೇಳಿಕೊಟ್ಟವಳು ತಾಯಿ. "ನೀನು ಲೈಟ್ ಹಿಡ್ಕೊಂಡು ಪಕ್ಕದಲ್ಲಿ ನಿಂತ್ಕೊ. ಕೇಳಿಸಿದ್ದನ್ನ ಅಪ್ಪನ ಬೆನ್ನು ತಟ್ಟಿ ಹೇಳು. ಯಾರಿಗೂ ಗೊತ್ತಾಗಲ್ಲ."

ಒಂದು ಸಲ ತಟ್ಟಿದರೆ ಟ್ಯಾಂಕಿನ ಕಡೆ, ಎರಡು ಸಲ ತಟ್ಟಿದರೆ ಫಿಲ್ಟರು, ಮೂರಕ್ಕೆ ಪಂಪು. ಅವನು ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬೆನ್ನಿಗೆ ಬೆರಳು ತಗುಲಿದ ಮೇಲೆ ಕಣ್ಣು ತೆರೆದು, "ಫಿಲ್ಟರ್ ಹತ್ರ ಗಾಳಿ ಎಳೀತಿದೆ," ಅನ್ನುತ್ತಿದ್ದ. ಗಿರಾಕಿ ತಲೆದೂಗುತ್ತಿದ್ದ.

ಸಂಜೆ ಮಗಳ ಉಗುರಿನ ಕಪ್ಪನ್ನು ಅವನೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಅದರಲ್ಲಿ ಪ್ರೀತಿಯೂ ಇತ್ತು, ಯಾರಿಗೂ ಕಾಣಬಾರದು ಅನ್ನುವುದೂ ಇತ್ತು.

ಹಾಗೆ ಒರೆಸುವಾಗ ಒಮ್ಮೆ ಅವಳು ಕೇಳಿದಳು. "ಒಂದೇ ಒಂದು ಸಲ, ಇದು ನನ್ನ ಮಗಳು ಕಂಡುಹಿಡಿದದ್ದು ಅಂತ ಯಾರ ಹತ್ರ ಆದ್ರೂ ಹೇಳಪ್ಪ."

ಅವನು ಬಟ್ಟೆ ಮಡಚಿ ಎದ್ದುಹೋದ. ಕೇಳಿಸಲಿಲ್ಲವೋ, ಕೇಳಿಸದ ಹಾಗೆ ನಟಿಸಿದನೋ, ಅವನಿಗೇ ಗೊತ್ತು.

*

ಮಣ್ಣು ಮಾಡಿ ಬಂದವರು ಅವನ ರಿಪೇರಿ ಶೆಡ್ಡಿನ ಮುಂದೆ ಕೂತರು.

"ನಾಳೆಯಿಂದ ಶೆಡ್ಡು ಇವನು ನೋಡ್ಕೋತಾನೆ," ಅಂದ ಚಿಕ್ಕಪ್ಪ, ಮಗನ ಭುಜ ಹಿಡಿದು. "ಅತ್ತಿಗೆ, ನಿಮ್ಮ ಖರ್ಚಿಗೆ ಏನೂ ಕಡಿಮೆ ಮಾಡಲ್ಲ."

"ನಾನು ನಡೆಸ್ತೀನಿ," ಅಂದಳು ಮಗಳು.

ಯಾರೋ ಕಿಸಕ್ಕನೆ ನಕ್ಕರು. "ಲೈಟ್ ಹಿಡಿಯೋದು ಬೇರೆ, ಗಾಡಿ ರಿಪೇರಿ ಬೇರೆ ಕಣಮ್ಮ," ಅಂದ ಟೈರ್ ಅಂಗಡಿಯವ.

"ರಿಪೇರಿ ನಾನೇ ಹೇಳಿಕೊಡ್ತಿದ್ದೆ. ಅಪ್ಪನಿಗೆ ಕಿವಿ ಕೇಳ್ತಿರಲಿಲ್ಲ."

ಚಿಕ್ಕಪ್ಪ ಎದ್ದು ನಿಂತ. "ಮಣ್ಣು ಇನ್ನೂ ಆರಿಲ್ಲ, ಆಗಲೇ ಹೆತ್ತಪ್ಪನ ಮರ್ಯಾದೆ ತೆಗೀತಿದೀಯಲ್ಲೇ! ಶೆಡ್ಡಿನ ಆಸೆ ಇಷ್ಟು ಮಾತಾಡಿಸುತ್ತಾ? ಅತ್ತಿಗೆ, ನೀವೇ ಹೇಳಿ. ನೀವು ಹೌದು ಅಂದ್ರೆ ಈಗಲೇ ಶೆಡ್ಡಿನ ಬೀಗದ ಕೈ ಇವಳ ಕೈಗೆ ಕೊಡ್ತೀನಿ."

ಎಲ್ಲರೂ ತಾಯಿಯ ಕಡೆ ತಿರುಗಿದರು. ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡಳು. ಮಗಳನ್ನು ನೋಡಲಿಲ್ಲ.

"ಸೂಜಿ ಬಿದ್ರೂ ಕೇಳ್ತಿತ್ತು ಅವರಿಗೆ," ಅಂದಳು. "ಇವಳು ದುಃಖದಲ್ಲಿ ಏನೇನೋ ಆಡ್ತಿದಾಳೆ. ತಪ್ಪು ತಿಳ್ಕೋಬೇಡಿ."

ಮಗಳು ಎದ್ದು ಮನೆಯ ಕಡೆ ನಡೆದಳು.

ಗುರುವಾರ ಬೆಳಿಗ್ಗೆ ಅವಳು ಬಟ್ಟೆಯ ಚೀಲ ಹಿಡಿದು ಮನೆಯಿಂದ ಹೊರಟಳು. ತಾಯಿ ಬಾಗಿಲಿಗೆ ಬಂದು ಕರೆದಳು. ಅಷ್ಟು ವರ್ಷ ಕಿವಿ ಕೇಳದ ಗಂಡನ ಜೊತೆ ಬಾಳಿದ ಗಂಟಲಿಗೆ ಮೆಲ್ಲಗೆ ಕರೆಯುವುದು ಮರೆತೇಹೋಗಿತ್ತು. ಎದುರುಮನೆಯವರು ಕಿಟಕಿ ತೆರೆದರು. ಟೈರ್ ಅಂಗಡಿಯವ ಕೆಲಸ ಬಿಟ್ಟು ಬೀದಿಗೆ ಬಂದ. ಬೀದಿಯ ಕೊನೆಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ ಹಿಂತಿರುಗಿ ನೋಡಿದ. ಅವನನ್ನು ದಾಟಿ ಮಗಳು ನಡೆದುಹೋದಳು.