ಮೇಷ್ಟ್ರ ಮೊದಲ ಕೋವಿ

ನಾನು ಶಾಲೆಯಲ್ಲಿ ಬ್ಯಾಂಡ್ ಕಲಿಸುವ ಮೇಷ್ಟ್ರು. ಕ್ಲಾರಿನೆಟ್, ಟ್ರಂಬೋನ್, ಡ್ರಮ್ಮುಗಳಿಂದ ಸದ್ದು ಹೊರಡಿಸುವುದು ಹೇಗೆಂದು ಮಕ್ಕಳಿಗೆ ತೋರಿಸಿಕೊಟ್ಟು, ಆ ಸದ್ದಿನಿಂದ ತಲೆನೋವು ಬರಿಸಿಕೊಂಡು ಸಂಜೆ ಮನೆಗೆ ಬರುವುದು ನನ್ನ ಕಸುಬು. ಇಂಥವನು ಅಮೆರಿಕದ ವಯೋಮಿಂಗ್‌ಗೆ ಬಂದು ಹ್ಯಾಸ್ಕೆಟ್ ಮನೆತನದ ಟ್ರೂಡಿಯನ್ನು ಮದುವೆಯಾದದ್ದನ್ನು ಧೈರ್ಯ ಎನ್ನುವವರಿದ್ದಾರೆ. ಅದು ಧೈರ್ಯವಲ್ಲ. ಮೊದಲೇ ಯಾರೂ ಏನೂ ಹೇಳಿರಲಿಲ್ಲ, ಅಷ್ಟೆ.

ಹ್ಯಾಸ್ಕೆಟ್ ಮನೆಯವರು ಭಾನುವಾರ ಚರ್ಚು ಮುಗಿಸಿಕೊಂಡು ನೇರ ತಮ್ಮ ಜಮೀನಿನ ಅಂಚಿನ ಜಲ್ಲಿ ಗುಂಡಿಗೆ ಹೋಗುತ್ತಾರೆ. ಅಲ್ಲಿ ಎತ್ತರದ ಮಣ್ಣಿನ ದಿಬ್ಬವಿದೆ. ದಿಬ್ಬದ ಮುಂದೆ ಖಾಲಿ ಡಬ್ಬಗಳನ್ನು ಸಾಲಾಗಿ ಇಟ್ಟು ಗುಂಡು ಹೊಡೆಯುವುದೇ ಅವರ ವಾರದ ಸಂತೋಷ. ಅತ್ತೆ ಲವೀನಾ ಎಂಬತ್ತರ ಹತ್ತಿರದ ಹೆಂಗಸು. ಗಂಡನ ಕಾಲದ ಹಳೆಯ ಕೋವಿಗೆ ಒಂದೊಂದೇ ತೋಟಾ ತುರುಕಿ ಹೊಡೆದರೂ ಗುರಿ ತಪ್ಪಿದ್ದು ನಾನು ಕಂಡಿಲ್ಲ. ಆ ಗುಂಡಿಯಲ್ಲಿ ಆಕೆಯ ಮಾತೇ ಕಾನೂನು. ಕೋವಿಯ ನಳಿಗೆ ದಿಬ್ಬದ ಕಡೆಗೇ ಇರಬೇಕು, ಮನುಷ್ಯರ ಕಡೆ ಒಂದಿಂಚೂ ತಿರುಗಕೂಡದು. ತಿರುಗಿಸಿದವನು ಮಗನಾದರೂ ಅವತ್ತಿನ ಮಟ್ಟಿಗೆ ಅವನ ಆಟ ಮುಗಿಯಿತು.

ಇಷ್ಟು ವರ್ಷವೂ ಅಲ್ಲಿ ನನಗಿದ್ದ ಹುದ್ದೆ ಆಲೂಗಡ್ಡೆ ಸಲಾಡಿನ ಪಾತ್ರೆ ಕಾಯುವುದು. ನಡುನಡುವೆ ಡಬ್ಬ ಜೋಡಿಸುವುದು. ಟ್ರೂಡಿಯ ಅಣ್ಣ ರಾಯ್ಸ್ ಆಗಾಗ "ಮೇಷ್ಟ್ರೇ, ನೊಣ ಬಂತು ನೋಡಿ, ಹೊಡೀರಿ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈ ವಸಂತದಲ್ಲಿ ಐವತ್ತು ದಾಟಿದ ಮೇಲೆ ಯಾಕೋ ಆ ನಗು ಬರುವುದು ನಿಂತುಹೋಯಿತು. ನನ್ನದೇ ಒಂದು ಕೋವಿ ಕೊಳ್ಳಬೇಕು ಎಂದು ತೀರ್ಮಾನಿಸಿದೆ. ಅದೂ ಸೆಮಿ ಆಟೊಮ್ಯಾಟಿಕ್. ಒಂದು ಗುಂಡು ಹಾರಿದೊಡನೆ ಮುಂದಿನದು ತಾನೇ ಬಂದು ಕೂರುತ್ತದೆ, ನಾವು ಕುದುರೆ, ಅಂದರೆ ಟ್ರಿಗರ್, ಒತ್ತುತ್ತಾ ಹೋದರೆ ಆಯಿತು. ಗುರಿಯಿಲ್ಲದವನಿಗೆ ಸಂಖ್ಯಾಬಲವಾದರೂ ಇರಲಿ ಎಂಬುದು ನನ್ನ ಲೆಕ್ಕಾಚಾರ.

ನಮ್ಮೂರ ಅಂಗಡಿಯಲ್ಲಿ ಕೊಂಡರೆ ನಾನು ಮನೆ ತಲುಪುವ ಮೊದಲೇ ಸುದ್ದಿ ಅತ್ತೆಗೆ ತಲುಪುತ್ತದೆ. ಆದ್ದರಿಂದ ಒಂದು ಶನಿವಾರ ದೂರದ ಊರಿಗೆ ಕಾರು ಓಡಿಸಿಕೊಂಡು ಹೋದೆ. ಹೋಗುವ ಮೊದಲು ವಾರವಿಡೀ ವಿಡಿಯೊಗಳನ್ನು ನೋಡಿ ತಜ್ಞರ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಅಂಗಡಿಯ ಬಾಗಿಲು ತಳ್ಳುತ್ತಿದ್ದಂತೆ ಅಷ್ಟೂ ಮರೆತುಹೋಯಿತು.

ಕೌಂಟರಿನ ಹಿಂದೆ ಮಾರ್ವಾ ಎಂಬ ಹೆಸರಿನ ಬಿಲ್ಲೆ ಧರಿಸಿದ ದಪ್ಪ ಹೆಂಗಸು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

"ಏನ್ ಬೇಕಿತ್ತು ಸರ್?"

"ಒಂದು ರೈಫಲ್. ಸೆಮಿ ಆಟೊಮ್ಯಾಟಿಕ್," ಎಂದೆ, ಆದಷ್ಟೂ ಗಡಸು ದನಿಯಲ್ಲಿ.

"ಏನ್ ಹೊಡೀತೀರಿ?"

"ಎದುರಿಗೆ ಏನು ಬಂದರೆ ಅದು."

ಅವಳು ಅಗಿಯುವುದನ್ನು ನಿಲ್ಲಿಸಿದಳು. ಇಂಥ ಉತ್ತರ ಕೊಡುವವನಿಗೆ ಕೋವಿ ಕೊಡಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿರುವುದು ನನಗೆ ಕಾಣಿಸಿತು.

"ಡಬ್ಬ," ಎಂದೆ ಬೇಗನೆ. "ಬಿಯರ್ ಡಬ್ಬ. ಸೋಡಾ ಡಬ್ಬ."

"ಹಾಗ್ ಹೇಳಿ ಮತ್ತೆ. ನನ್ ಎದೆ ಧಸಕ್ ಅಂತು," ಎಂದು ನಕ್ಕು ಸಣ್ಣ ತೋಟಾದ, ಮರದ ಹಿಡಿಯ ಒಂದು ಸರಳ ಕೋವಿ ತೆಗೆದಿಟ್ಟಳು. "ಮೊದಲ್ನೇ ಸಲಕ್ಕೆ ಇದೇ ಸಾಕು. ಹಗುರ, ಒದೆಯೋದಿಲ್ಲ, ತೋಟಾನೂ ಅಗ್ಗ."

ಆದರೆ ನನ್ನ ಕಣ್ಣು ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಅಲ್ಲಿ ಕಾರ್ಗಪ್ಪು ಬಣ್ಣದ, ಮೈತುಂಬ ತೂತು, ಹಲ್ಲು, ಕೊಂಡಿಗಳಿದ್ದ ಒಂದು ಕೋವಿ ನೇತಾಡುತ್ತಿತ್ತು.

"ಅದು?"

"ಅದೂ ಇದೇ ಸರ್. ಒಳಗಡೆ ಎರಡೂ ಒಂದೇ. ಅದಕ್ಕೆ ಬಟ್ಟೆ ಹಾಕಿದ್ದಾರೆ, ಅಷ್ಟೆ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಬಟ್ಟೆ ಹಾಕಿದ್ದನ್ನೇ ಆರಿಸಿದೆ. ಆಗ ಅವಳು ಕೇಳಿದಳು: "ಎಡಗೈಯವ್ರೋ, ಬಲಗೈಯವ್ರೋ? ಎಡಗೈಯವ್ರಾದ್ರೆ ಬೇರೇದು ತರಿಸ್ಬೇಕು."

ನಾನು ಹುಟ್ಟಾ ಎಡಚ. ಬರೆಯುವುದು, ಉಣ್ಣುವುದು, ಬ್ಯಾಂಡ್ ಮುಂದೆ ಕೋಲು ಆಡಿಸುವುದು ಎಲ್ಲವೂ ಎಡಗೈಯಲ್ಲೇ. ಆದರೆ ನನ್ನ ಹಿಂದೆ ಗಡ್ಡದ ಇಬ್ಬರು ಗಿರಾಕಿಗಳು ಬಂದು ನಿಂತಿದ್ದರು. ಅವರ ಎದುರು ಎಡಗೈಯ ಕೋವಿ ಕೇಳುವುದು ಮಕ್ಕಳ ಸೈಕಲ್ಲು ಕೇಳಿದಂತೆ ಎಂದು ಆ ಕ್ಷಣ ಅನ್ನಿಸಿತು.

"ಬಲಗೈ," ಎಂದೆ.

ಮಾರ್ವಾ ಫೋನು ಮಾಡಿದಳು, ಸರ್ಕಾರದವರು ನನ್ನ ಹೆಸರಿನಲ್ಲಿ ಅಪರಾಧವೇನಾದರೂ ಇದೆಯೇ ಎಂದು ತಪಾಸಣೆ ಮಾಡಿ ಸ್ವಲ್ಪ ಹೊತ್ತಿನಲ್ಲೇ ಒಪ್ಪಿಗೆ ಕೊಟ್ಟರು. ನನ್ನ ಮೇಲೆ ನನ್ನ ಹೆಂಡತಿಗೂ ಅಷ್ಟು ಬೇಗ ಭರವಸೆ ಬಂದಿರಲಿಲ್ಲ. ಆ ಸಂತೋಷದಲ್ಲಿ ಜೇಬುಗಳೇ ತುಂಬಿದ ಒಂದು ದಪ್ಪ ಅಂಗಿಯನ್ನೂ ಕೊಂಡೆ. ಅದಕ್ಕೆ ಸೊಂಟದಿಂದ ಎದೆಯವರೆಗೆ ಸಾಲಾಗಿ ಪ್ಲಾಸ್ಟಿಕ್ ಕೊಕ್ಕೆಗಳಿದ್ದವು. ಜೇಬುಗಳಲ್ಲಿ ಏನಿಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಮನೆಯಲ್ಲಿ ಟ್ರೂಡಿ ಉದ್ದನೆಯ ಪೆಟ್ಟಿಗೆ ನೋಡಿದಳು. "ಏನದು?"

"ಶಾಲೆಯ ಟ್ರಂಬೋನು. ರಿಪೇರಿಗೆ."

"ಓ. ಟ್ರಂಬೋನಿನ ಕುದುರೆಗೆ ಯಾವಾಗ್ಲಿಂದ ಬೀಗ ಹಾಕ್ತಾರೆ?" ಎಂದಳು. ಮಾರ್ವಾ ಕೋವಿಯ ಜೊತೆಗೆ ಕೊಟ್ಟಿದ್ದ ಕುದುರೆ ಬೀಗದ ಖಾಲಿ ಡಬ್ಬಿ ನನ್ನ ಹೊಸ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಹ್ಯಾಸ್ಕೆಟ್ ಮನೆಯ ಹುಡುಗಿಯ ಹತ್ತಿರ ಕೋವಿ ಬಚ್ಚಿಡುವುದು ಅಕ್ಕಸಾಲಿಯ ಹತ್ತಿರ ಉಂಗುರ ಬಚ್ಚಿಟ್ಟಂತೆ. ಅವಳು ಪೆಟ್ಟಿಗೆ ತೆರೆದು ನೋಡಿದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಪಕ್ಕದಲ್ಲಿ ಕೂತು ಅಂದಳು: "ನೋಡು ವೆಂಡೆಲ್, ಗುರಿ ತಪ್ಪಿದ್ರೂ ಪರ್ವಾಗಿಲ್ಲ. ನಳಿಗೆ ಮಾತ್ರ ತಿರುಗಿಸ್ಬೇಡ. ಅಮ್ಮ ಜಗತ್ತಲ್ಲಿ ಇನ್ನೆಲ್ಲಾ ಕ್ಷಮಿಸ್ತಾಳೆ."

ಭಾನುವಾರ ನಾನು ಅಂಗಿ ತೊಟ್ಟು, ಎಲ್ಲ ಕೊಕ್ಕೆ ಬಿಗಿದು, ಕೋವಿ ಹಿಡಿದು ಜಲ್ಲಿ ಗುಂಡಿಗೆ ಇಳಿದೆ.

"ಯಾವ ದೇಶದ ಮೇಲೆ ಯುದ್ಧ ಮೇಷ್ಟ್ರೇ?" ಎಂದ ರಾಯ್ಸ್. "ಹೇಳಿಬಿಡಿ, ಡಬ್ಬಗಳು ಶರಣಾಗ್ಲಿ."

ಲವೀನಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆ ಜೇಬಲ್ಲೆಲ್ಲಾ ಏನಿದೆ?"

"ಏನೂ ಇಲ್ಲ ಅತ್ತೆ."

"ಹ್ಞೂಂ," ಎಂದರು. "ಸರಿ, ಶುರು ಮಾಡು."

ನೆಲದಲ್ಲಿ ಹಾಸಿದ್ದ ಚಾಪೆಯ ಮೇಲೆ ಮಂಡಿಯೂರಿ ಬಲ ಭುಜಕ್ಕೆ ಕೋವಿ ಆನಿಸಿದೆ. ಕಿವಿಗೆ ಮುಚ್ಚಳವಿದ್ದರೂ ನನ್ನ ಎದೆಬಡಿತ ಡ್ರಮ್ಮಿನಂತೆ ಕೇಳುತ್ತಿತ್ತು, ಅದೂ ತಾಳತಪ್ಪಿದ ಡ್ರಮ್ಮು. ಒತ್ತಿದೆ. ಒತ್ತುತ್ತಲೇ ಹೋದೆ. ಹತ್ತೂ ತೋಟಾ ಮುಗಿದವು. ಧೂಳು ಇಳಿದಾಗ ಡಬ್ಬಗಳೆಲ್ಲ ಇಟ್ಟಲ್ಲೇ ಹೊಳೆಯುತ್ತಾ ನಿಂತಿದ್ದವು.

"ಪಾಪ, ಹೆದರ್ಕೊಂಡಿವೆ," ಎಂದ ರಾಯ್ಸ್.

ಅವಮಾನಕ್ಕೆ ಮೈ ಬಿಸಿಯಾಯಿತು. ಸುಳ್ಳು ಹೇಳಿದ್ದು ಸಾಕು ಎನ್ನಿಸಿ, ಮತ್ತೆ ತೋಟಾ ತುಂಬಿ ಕೋವಿಯನ್ನು ಎಡ ಭುಜಕ್ಕೆ ಬದಲಾಯಿಸಿಕೊಂಡೆ. ಒತ್ತಿದೆ. ಒಂದು ಡಬ್ಬ ಟಣ್ಣೆಂದು ಹಾರಿತು! ಇಷ್ಟು ವರ್ಷಗಳಲ್ಲಿ ಕೇಳಿದ ಸಂಗೀತದಲ್ಲೆಲ್ಲ ಅದೇ ಶ್ರೇಷ್ಠ ಸ್ವರ. ಇನ್ನೊಂದು ಒತ್ತಿದೆ, ಇನ್ನೊಂದು ಹಾರಿತು. ಮೂರನೆಯದನ್ನು ಒತ್ತಿದಾಗ, ಗುಂಡು ಹಾರಿದ ಮೇಲೆ ಬಲಗಡೆಗೆ ಸಿಡಿಯುವ ಸುಡುವ ಖಾಲಿ ತೋಟಾ ನನ್ನ ಗಲ್ಲಕ್ಕೆ ತಾಗಿ, ನೇರ ಅಂಗಿಯ ಕತ್ತಿನೊಳಗೆ ಇಳಿಯಿತು. ಬಲಗೈಯವರಿಗೆ ಮಾಡಿದ ಕೋವಿ ಎಡಚನ ಮುಖದ ಮುಂದೆಯೇ ಉಗುಳುತ್ತದೆ ಎಂದು ಯಾವ ವಿಡಿಯೊದವನೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ನೋಡಿಲ್ಲ, ಟ್ರೂಡಿ ಹೇಳಿದ್ದು. ನಾನು ಎದ್ದು ನಿಂತು, ಆಡಿನ ಮರಿಯಂತೆ ಅರಚುತ್ತಾ, ಒಂಟಿಕಾಲಿನಲ್ಲಿ ಕುಣಿದೆನಂತೆ. ತೋಟಾ ಎದೆಯಿಂದ ಹೊಟ್ಟೆಗೆ ಜಾರುತ್ತಾ ಹೋದ ಕಡೆಯೆಲ್ಲ ಚುರುಗುಟ್ಟುತ್ತಿತ್ತು. ಸೊಂಟದ ಕೊಕ್ಕೆ ಬಿಗಿಯಾಗಿದ್ದರಿಂದ ಅದು ಹೊರಗೆ ಬೀಳುವ ದಾರಿಯೇ ಇರಲಿಲ್ಲ. ರಾಯ್ಸ್ ನನ್ನ ಕಡೆ ಓಡಿಬರಲು ಹೋದಾಗ ಲವೀನಾ ಗುಡುಗಿದರಂತೆ: "ನಿಲ್ಲೋ! ಕೋವಿ ಕೆಳಗಿಡೋ ತನಕ ಯಾರೂ ಮುಂದೆ ಹೋಗ್ಬೇಡಿ!"

ನನಗೆ ನೆನಪಿರುವುದು ಒಂದೇ. ಬಾಯಿ ತನ್ನಷ್ಟಕ್ಕೆ ಅರಚುತ್ತಿತ್ತು, ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು, ತಲೆಯೊಳಗೆ ಮಾತ್ರ ಟ್ರೂಡಿಯ ಮಾತು. ಬೆರಳನ್ನು ಕುದುರೆಯಿಂದ ತೆಗೆದೆ. ಕುಣಿಯುತ್ತಲೇ ಬಗ್ಗಿ, ಕೋವಿಯನ್ನು ಚಾಪೆಯ ಮೇಲೆ ಇಟ್ಟೆ. ಆಮೇಲೆ ದೂರ ಓಡಿ ಅಂಗಿಯ ಕೊಕ್ಕೆಗಳನ್ನು ಕಿತ್ತೆ. ಎರಡು ಮುರಿದೇ ಹೋದವು.

ನಾನು ಬರಿಮೈಯಲ್ಲಿ, ಎದೆಯ ಮೇಲೆ ಕೆಂಪು ಬೊಬ್ಬೆಗಳನ್ನು ಹೊತ್ತು, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ. ರಾಯ್ಸ್ ನೆಲಕ್ಕೆ ಬಿದ್ದು ನಗುತ್ತಿದ್ದ. ಲವೀನಾ ನಡೆದು ಬಂದರು. ಹೊರಗೆ ಹಾಕುತ್ತಾರೆ ಎಂದುಕೊಂಡು ನಾನಾಗಿಯೇ ಅಂಗಿ ಎತ್ತಿಕೊಂಡೆ.

ಅವರು ಚಾಪೆಯ ಮೇಲಿನ ಕೋವಿ ನೋಡಿದರು. ನಳಿಗೆ ದಿಬ್ಬದ ಕಡೆಗಿತ್ತು.

"ರಾಯ್ಸ್," ಎಂದರು. "ಹೋದ ವರ್ಷ ನಿನಗೆ ಕಣಜ ಕಚ್ಚಿದಾಗ ನಿನ್ ನಳಿಗೆ ಎಲ್ಲಿತ್ತೋ?"

ರಾಯ್ಸ್‌ನ ನಗು ನಿಂತಿತು. "ಅಮ್ಮಾ, ಅದು ಕಣಜ..."

"ನನ್ ಲಾರಿ ಕಡೆ ಇತ್ತು. ಈ ಮನುಷ್ಯ ಬೆಂಕಿ ಬಿದ್ದೋನ ಹಾಗೆ ಕುಣಿದ. ಕುಣೀತಾ ಇದ್ರೂ ನಳಿಗೆ ಮಣ್ಣು ಬಿಟ್ಟು ಅಲ್ಲಾಡ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕೋವಿ ಹೊಡೆಯೋದು ನಿನಗೆ ಬರಲ್ಲ ಕಣಪ್ಪಾ. ಬರೋ ಹಾಗೂ ಕಾಣ್ಸಲ್ಲ. ಆದ್ರೆ ದನಿ ಇದೆ. ಮುಂದಿನ ವಾರದಿಂದ ಹೊಡೆಯೋ ಸಾಲು ನೀನು ನೋಡ್ಕೋ. ಯಾವಾಗ ಹೊಡೀಬೇಕು, ಯಾವಾಗ ನಿಲ್ಲಿಸ್ಬೇಕು, ನೀನು ಕೂಗು."

ಅದು ಗಂಡ ಹೋದಾಗಿನಿಂದ ಆಕೆಯೇ ಇಟ್ಟುಕೊಂಡಿದ್ದ ಕೆಲಸ. ಟ್ರೂಡಿ ನನ್ನ ಬೊಬ್ಬೆಗಳಿಗೆ ತಣ್ಣನೆಯ ಸೋಡಾ ಡಬ್ಬ ಒತ್ತುತ್ತಾ ಬೇರೆ ಕಡೆ ನೋಡಿದಳು.

ಮುಂದಿನ ಶನಿವಾರ ಮತ್ತೆ ಮಾರ್ವಾಳ ಅಂಗಡಿಗೆ ಹೋಗಿ ನಿಜ ಹೇಳಿದೆ. ಅವಳು ನನ್ನ ಗಲ್ಲದ ಕೆಂಪು ಗುರುತು ನೋಡಿ, "ಅವತ್ತೇ ಅಂದ್ಕೊಂಡೆ ಸರ್, ಎಡಗೈಯಲ್ಲಿ ಸಹಿ ಮಾಡಿದ್ರಿ," ಎಂದಳು.

"ಮತ್ತೆ ಹೇಳ್ಬಾರದಾಗಿತ್ತೇ?"

"ನೀವು ಅಷ್ಟು ಗಟ್ಟಿಯಾಗಿ ಬಲಗೈ ಅಂದ್ರಿ. ನಿಮ್ಮ ಕೈ ನಿಮಗೆ ಗೊತ್ತಿರುತ್ತೆ ಅಂತ ಸುಮ್ಮನಾದೆ." ಎಡಗೈಯ ಸಾದಾ ಮರದ ಕೋವಿ ತರಿಸಿಕೊಟ್ಟಳು. ಈಗ ಹತ್ತರಲ್ಲಿ ಎರಡು ಡಬ್ಬ ಬೀಳುತ್ತವೆ. ಗಾಳಿಯಿದ್ದರೆ ಮೂರು.

ಸಾಲು ನೋಡಿಕೊಳ್ಳುವ ಕೆಲಸ ನನಗೆ ಒಗ್ಗಿತು. "ಎಲ್ಲರೂ ಕೋವಿ ಕೆಳಗಿಡಿ!" ಎಂದು ಕೂಗಿದರೆ ರಾಯ್ಸ್ ಕೂಡ ಇಡುತ್ತಿದ್ದ. ಬ್ಯಾಂಡಿನ ಮಕ್ಕಳು ಎಂದೂ ಅಷ್ಟು ಚುರುಕಾಗಿ ನನ್ನ ಮಾತು ಕೇಳಿದವರಲ್ಲ. ಸಾಲಿನ ಹಿಂದೆ ಎದೆಯುಬ್ಬಿಸಿ ಓಡಾಡುತ್ತಿದ್ದೆ ಎಂದು ಟ್ರೂಡಿ ಆಡಿಕೊಳ್ಳುತ್ತಾಳೆ. ನಿಜವಿರಬಹುದು.

ಸೆಪ್ಟೆಂಬರಿನ ಒಂದು ಭಾನುವಾರ ಲವೀನಾ ತೋಟಾ ತುರುಕುತ್ತಿದ್ದರು. ಅದು ಸರಿಯಾಗಿ ಕೂರಲಿಲ್ಲ. ಬೆರಳು ನಡುಗುತ್ತಿದ್ದವು. ಬೆಳಕಿಗೆ ಹಿಡಿದು ನೋಡಲೆಂದು ಅವರು ಮೈ ತಿರುಗಿಸಿದರು. ಮೈಯೊಂದಿಗೆ ನಳಿಗೆಯೂ ನಿಧಾನವಾಗಿ ಟ್ರೂಡಿ ಕೂತಿದ್ದ ಕಡೆಗೆ ಬಂತು.

ಎಲ್ಲರೂ ನೋಡಿದರು. ಎಲ್ಲರೂ ನನ್ನ ಮುಖ ನೋಡಿದರು.

"ಅತ್ತೆ, ನಳಿಗೆ!" ಎಂದೆ. ಹೊಸಬ ಊದಿದ ಕ್ಲಾರಿನೆಟ್ಟಿನಂತೆ ದನಿ ಕೀರಲಾಯಿತು.

ಅವರು ತಲೆಯೆತ್ತಿದರು. ಕೋವಿ ನೋಡಿದರು, ಮಗಳನ್ನು ನೋಡಿದರು. ನಳಿಗೆಯನ್ನು ದಿಬ್ಬದ ಕಡೆ ತಿರುಗಿಸಿ, ತೋಟಾ ತೆಗೆದು, ಕೋವಿಯನ್ನು ಚಾಪೆಯ ಮೇಲಿಟ್ಟು, ಎದ್ದು ಹಿಂದೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಅವತ್ತಿನ ಮಟ್ಟಿಗೆ ಅವರ ಆಟ ಮುಗಿದಿತ್ತು. ಹಾಗೆಂದು ಹೇಳುವ ಧೈರ್ಯ ನನಗೆ ಖಂಡಿತ ಇರಲಿಲ್ಲ. ಆ ಕಷ್ಟದಿಂದ ಅವರೇ ನನ್ನನ್ನು ಉಳಿಸಿದರು.

"ಏನಾದ್ರೂ ಹೇಳ್ಬೇಕು ಅನ್ಸಿದ್ರೆ ಹೇಳಿ ಅತ್ತೆ," ಎಂದೆ ಮೆಲ್ಲಗೆ.

"ಆ ಕೂಗು ಏನ್ ಕೂಗಯ್ಯಾ ಅದು, ಬಾಲ ತುಳಿದ ಬೆಕ್ಕಿನ ಹಾಗೆ," ಎಂದರು. ಕೈಗಳೆರಡನ್ನೂ ಮಡಿಲಲ್ಲಿ ಒಂದರ ಮೇಲೊಂದು ಒತ್ತಿ ಹಿಡಿದಿದ್ದರು. "ಇನ್ನೊಂದ್ಸಲ ನಾನು ಹಾಗೆ ಮಾಡಿದ್ರೆ ಗಂಟಲು ಬಿಟ್ಟು ಕೂಗು. ಸರೀನಾ?"

"ಸರಿ ಅತ್ತೆ."

"ಹೋಗು ಮತ್ತೆ. ರಾಯ್ಸ್ ಕಾಯ್ತಾ ಇದಾನೆ."

ನಾನು ಸಾಲಿನ ಹಿಂದೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, ಶುರು ಮಾಡಿ ಎಂದು ಕೂಗಿದೆ.