ಒಳಗುಳಿದ ಉಸಿರು

"ಯಾರಾದ್ರೂ ಕೇಳಿದ್ರೆ ಚೆನ್ನಾಗಿತ್ತು ಅಂದ್ಬಿಡಿ, ಅಷ್ಟೇ," ಎನ್ನುತ್ತ ಮೇಸ್ತ್ರಿ ಸಾವಿನ ಮನೆಯ ಗೇಟಿನ ಬಳಿಯೇ ಕೊಂಕಮ್ಮನ ಮೊಣಕೈ ಹಿಡಿದು ನಿಲ್ಲಿಸಿದ. "ಅವರ ಕೈಯ ಕೊನೇ ಬೆಸುಗೆ. ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳಿ. ನಾಳೆ ಹಲಗೇನ ಹಾಗೇ ಕಳಿಸೋಣ. ಸಾಸಿವೆಯಷ್ಟು ಗುಳ್ಳೆಗೆ ಆಕಾಶ ಕಳಚಿ ಬೀಳಲ್ಲ."

ಕೊಂಕಮ್ಮ ಮೊಣಕೈ ಬಿಡಿಸಿಕೊಂಡು ಒಳಗೆ ನಡೆದಳು.

ಕಾರ್ಖಾನೆಯಲ್ಲಿ ದಪ್ಪ ಉಕ್ಕಿನ ಹಲಗೆಗಳನ್ನು ಲೇಸರ್ ಬೆಳಕಿನಿಂದ ಬೆಸೆಯುತ್ತಿದ್ದವನು ಅವಸರಣ್ಣ. ಆ ಬೆಸುಗೆಯ ಹೊಟ್ಟೆಯೊಳಗೆ ಹುಳುಕಿದೆಯೇ ಎಂದು ಯಂತ್ರ ಆಡಿಸಿ ನೋಡುವುದು ಇವಳ ಕೆಲಸ. ಕೊಂಕಮ್ಮ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ನಿನ್ನೆ ಹಲಗೆ ಮುಗಿಸಿ, ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತ ಅವಸರಣ್ಣ ಮತ್ತೆ ಏಳಲಿಲ್ಲ. ಸಂಜೆ ಇವಳು ಅದನ್ನು ಪರೀಕ್ಷಿಸಿದಳು. ಮೇಲೆ ಕನ್ನಡಿಯಂಥ ಬೆಸುಗೆ, ತಳದಲ್ಲಿ ಮೂರು ಕಡೆ ಗುಳ್ಳೆ.

ಮುಂದಿನ ಕೋಣೆಯಲ್ಲಿ ಅವನನ್ನು ಮಲಗಿಸಿದ್ದರು. ಪಕ್ಕದ ಮನೆಯಿಂದ ತಂದ ಕುರ್ಚಿಗಳು ಗೋಡೆಗೆ ಒತ್ತಿಕೊಂಡಿದ್ದವು. ಅವನ ಅಕ್ಕ ಇವಳನ್ನು ನೋಡಿದ್ದೇ ತಡ ಸೆರಗಿನಿಂದ ಮೂಗೊರೆಸಿಕೊಂಡಳು.

"ಬಂದ್ಳು ನೋಡಿ, ನನ್ನ ತಮ್ಮನ ಜೀವ ತಿಂದೋಳು. ದಿನಾ ತಪ್ಪು, ತಪ್ಪು! ಇವಳ ಬಾಯಲ್ಲಿ ಒಂದು ಒಳ್ಳೇ ಮಾತು ಕೇಳಿದ್ನಾ ಅವನು?"

ಯಾರೂ ಅವಳಿಗೆ ಕುರ್ಚಿ ಬಿಡಲಿಲ್ಲ. ಬಾಗಿಲ ಪಕ್ಕ ನಿಂತಳು.

* * *

ಲೇಸರ್ ಯಂತ್ರ ಹೊಸದಾಗಿ ಬಂದಿದ್ದ ಕಾಲ. ಅವಳು ತಪ್ಪೆಂದು ಗುರುತು ಹಾಕಿದ ಹಲಗೆಯನ್ನು ಅವಸರಣ್ಣ ತಳ್ಳುಗಾಡಿಯಲ್ಲಿ ಹೇರಿಕೊಂಡು ಅವಳ ಕೋಣೆಗೇ ನುಗ್ಗಿದ್ದ.

"ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು! ಇದನ್ನ ತಪ್ಪು ಅಂತೀಯಾ?"

"ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಕೊಯ್ದು ನೋಡು."

ಕೊಯ್ದ. ಅಡ್ಡಲಾಗಿ ಸೀಳಿದ ಉಕ್ಕಿನ ಆಳದಲ್ಲಿ ಪುಟ್ಟ ತೂತುಗಳು. ಒಂದರೊಳಗೆ ಉಗುರಿಟ್ಟು ಬಹಳ ಹೊತ್ತು ನಿಂತ.

"ಈ ಜಾಗಕ್ಕೆ ಭಾರ ಬಿದ್ದಿದ್ರೆ?"

"ಇಲ್ಲಿಂದಲೇ ಬಿರುಕು ಏಳ್ತಿತ್ತು."

"ಸದ್ಯ, ನಿನ್ನ ಕೈಗೆ ಸಿಕ್ತು," ಎಂದು ಬೆವರೊರೆಸಿಕೊಂಡಿದ್ದ. ಅಂದಿನಿಂದ ಪ್ರತಿ ಹಲಗೆಯನ್ನೂ ತಾನೇ ತಂದು, ಅವಳ ಪರೀಕ್ಷೆ ಮುಗಿಯುವವರೆಗೆ ಪಾಠ ಒಪ್ಪಿಸುವ ಹುಡುಗನಂತೆ ಕೈಕಟ್ಟಿ ನಿಲ್ಲುತ್ತಿದ್ದ. ನಿನ್ನೆ ಮಾತ್ರ ಅವಳೊಬ್ಬಳೇ ನೋಡಬೇಕಾಯಿತು.

* * *

ಅವನ ಹೆಂಡತಿ ತಲೆಯೆತ್ತಿದಳು. "ನೀವೇನಾ ಕೊಂಕಮ್ಮ?"

ಕೋಣೆಯಲ್ಲಿ ಯಾರೋ ನಗು ನುಂಗಿಕೊಂಡರು.

"ಹೌದಮ್ಮ, ನಾನೇ."

"ನಿನ್ನೆಯದು ನೋಡಿದ್ರಾ? ಹೇಗಿತ್ತು?"

ಮೇಸ್ತ್ರಿ ಕೆಮ್ಮಿದ. 'ಚೆನ್ನಾಗಿತ್ತು' ಎಂಬ ಒಂದೇ ಮಾತಿಗೆ ಈ ಮನೆಯಲ್ಲಿ ಅವಳಿಗೊಂದು ಕುರ್ಚಿ ಸಿಗುತ್ತಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಒಂದು ಹೇಳಿ ಜಾರಿಕೊಳ್ಳಲೂಬಹುದಿತ್ತು. ಅವಳು ಮಲಗಿದ್ದವನ ಕಡೆ ನೋಡಿದಳು.

"ಮೂರು ಕಡೆ ಗುಳ್ಳೆ ಇದೆ. ಕಳಿಸೋಕಾಗಲ್ಲ. ಬಗೆದು ತೆಗೆದು ಮತ್ತೆ ಬೆಸೀಬೇಕು."

"ಅಯ್ಯೋ, ನಿನ್ನ ನಾಲಿಗೆ ಸೇದಿಹೋಗ!" ಎಂದು ಅಕ್ಕ ಎದ್ದೇಬಿಟ್ಟಳು. ಹೆಂಡತಿಯ ಭುಜ ಅದುರತೊಡಗಿತು. ಅಳುತ್ತಿದ್ದಾಳೆಂದು ಎಲ್ಲರೂ ಓಡಿಬಂದರೆ ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುವೂ ನಿಲ್ಲಲೊಲ್ಲದು.

"ಗಡಿಬಿಡಿ ಮಾಡಿದ್ರಾ?"

"ಮಾಡಿದ್ರು."

"ಹುಟ್ಟುಗುಣ. ಹೋಗೋದ್ರಲ್ಲೂ ಅದೇ! ಅತ್ತಿಗೆ, ನೀವು ಕೂತ್ಕೊಳಿ. ಊಟಕ್ಕೆ ಕೂತ್ರೆ ಸಾಕು, 'ಇವತ್ತು ಕೊಂಕಮ್ಮ ಹಿಡಿದ್ಳು ಕಣೇ' ಅನ್ನೋರು, ಏನೋ ಬಹುಮಾನ ಬಂದೋರ ಥರ. ಅದೇನು ಹಿಡಿದ್ಳೋ, ನನಗೆ ಒಂದಿನಾನೂ ತಿಳೀಲಿಲ್ಲ. ತೋರಿಸಿ ನೋಡೋಣ."

ಕೊಂಕಮ್ಮ ನೀರಿನ ಲೋಟದಲ್ಲಿ ಬೆರಳದ್ದಿ ಮೇಜಿನ ಮೇಲೆ ಎರಡು ಗೆರೆ ಎಳೆದಳು. "ಇದು ಹಲಗೆ. ಬೆಳಕು ಉಕ್ಕನ್ನ ಕರಗಿಸ್ತಾ ಹೀಗೆ ಸಣ್ಣ ಬಾವಿ ತೋಡುತ್ತೆ. ತಳದಾಚೆಗೂ ತೂರಿದ್ರೆ ಒಳಗಿನ ಆವಿ ಕೆಳಗಿಂದ ಹೋಗುತ್ತೆ. ಅವಸರ ಮಾಡಿದ್ರೆ ಬಾವಿ ಅರ್ಧಕ್ಕೇ ನಿಲ್ಲುತ್ತೆ. ಗೋಡೆ ಕುಸೀತು ಅನ್ನಿ, ಆ ಆವಿಯ ಉಸಿರು ತಳದಲ್ಲೇ ಸಿಕ್ಕಿಬೀಳುತ್ತೆ. ಅದು ಮೇಲೆ ಬರೋಷ್ಟ್ರಲ್ಲಿ ಉಕ್ಕು ಗಟ್ಟಿ."

"ನಿಧಾನ ಮಾಡಿದ್ರಾಯ್ತಪ್ಪ," ಎಂದಳು ಹೆಂಡತಿ.

"ತೀರಾ ನಿಧಾನವಾದ್ರೆ ಕರಗಿದ್ದೆಲ್ಲ ಕೆಳಗೆ ಜೋತುಬೀಳುತ್ತೆ."

"ಅವಸರಣ್ಣನ ಮೇಲೇ ಯಾಕೆ ಹಾಕ್ತೀರಿ? ಸಂದೀಲಿ ಎಣ್ಣೆಪಸೆ ಇತ್ತೋ ಏನೋ," ಎಂದ ಹಿಂದಿನಿಂದ ಒಬ್ಬ ಬೆಸುಗೆಯವ.

"ಎಣ್ಣೆಯಾಗಿದ್ರೆ ತಳದಲ್ಲೇ ಯಾಕೆ ಬರುತ್ತೆ ಗುಳ್ಳೆ?" ಮೇಸ್ತ್ರಿಗೆ ತಡೆಯಲಾಗಲಿಲ್ಲ. "ಬೆಳಕೇ ತಳ ಮುಟ್ಟಿಲ್ಲ. ನಾಳೆ ಬಗೆದು ನೋಡೇಬಿಡೋಣ!" ಎಂದವನು, ತಾನೇನು ಅಂದೆ ಎಂದು ಹೊಳೆದು ಕತ್ತು ಕೆರೆದುಕೊಂಡ.

ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು ಮೇಜಿನ ಬಳಿ ಬಂದಳು. "ಎಲ್ಲಿ, ಆ ಬಾವಿ ಇನ್ನೊಂದ್ಸಲ ಬರಿ. ಒಣಗಿಹೋಯ್ತು."

ಹೊರಗೆ ಹೆಣ ಒಯ್ಯುವ ವಾಹನ ಬಂದು ನಿಂತು ಬಹಳ ಹೊತ್ತಾಗಿತ್ತು. ಯಾರೂ ಬಾರದ್ದು ಕಂಡು ಚಾಲಕ ಟೋಪಿ ತೆಗೆದು ಒಳಗೆ ಬಂದ. ಸತ್ತವನ ಪಕ್ಕದಲ್ಲೇ ಒಂದು ಒದ್ದೆ ಮೇಜು, ಅದರ ಮೇಲೆ ಬಾಗಿ ಜಗಳಾಡುತ್ತಿರುವ ಹತ್ತಾರು ತಲೆಗಳು. ಅವನು ಹಿಮ್ಮಡಿಯೆತ್ತಿ ಇಣುಕಿದ. ಹೆಂಡತಿ ಗೆರೆಯ ಮೇಲಿನ ಬೆರಳು ತೆಗೆಯದೆಯೇ ಒಂದಿಷ್ಟು ಪಕ್ಕಕ್ಕೆ ಸರಿದು ಅವನಿಗೂ ಜಾಗ ಬಿಟ್ಟಳು.