ತಲೆಬರಹದ ಕೆಳಗೆ

ನಮ್ಮ ಸೋದರಮಾವ ಯಾವ ಸುದ್ದಿಯನ್ನೂ ಮೇಲಿನಿಂದ ಓದುತ್ತಿರಲಿಲ್ಲ. ಮೊಬೈಲನ್ನು ತೋಳಿನಷ್ಟು ದೂರ ಹಿಡಿದು, ತಲೆಬರಹವನ್ನು ಹೆಬ್ಬೆರಳಿನಿಂದ ಮುಚ್ಚಿ, ಸರಸರನೆ ಕೆಳಗಿಳಿದು, ಕೊನೆಯ ಸಾಲು ಮುಟ್ಟಿದ ಮೇಲೆಯೇ ಉಸಿರು ಬಿಡುತ್ತಿದ್ದರು.

ಅವರದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಬೀದಿಯಲ್ಲಿ ನಡೆಯುವಾಗಲೂ ಕೈಗಳೆರಡನ್ನೂ ಮೈಯಿಂದ ತುಸು ದೂರ ಇಟ್ಟು, ಕಾಣದ ಗಾಜೊಂದನ್ನು ಹೊತ್ತವರಂತೆ ಮೆಲ್ಲಗೆ ಬರುತ್ತಿದ್ದರು. ಮಧ್ಯಾಹ್ನದ ಬಿಸಿಲು ಗೋಡೆಗೊರಗಿದ ಗಾಜುಗಳನ್ನು ಹಾದು ನೆಲದ ಮೇಲೆ ಅಲುಗುವಾಗ, ಆ ಅಂಗಡಿ ಯಾವುದೋ ತಿಳಿನೀರಿನ ತಳದಲ್ಲಿದೆ ಎಂದು ನನಗೆ ಅನ್ನಿಸುತ್ತಿತ್ತು.

ಹಿಂದೊಮ್ಮೆ ಹೆಸರಾಂತ ಗಾಯಕಿಯೊಬ್ಬರು ಅಲ್ಲಿಗೆ ತಮ್ಮ ಫೋಟೊ ತಂದಿದ್ದರು. ಮಾವ ಅಭಿಮಾನದಿಂದ ಚಿನ್ನದ ಬಣ್ಣದ ಕಟ್ಟು ಹಾಕಿದರು. "ಏನ್ರೀ ಇದು, ನನ್ನನ್ನ ದೇವರೇ ಮಾಡಿಬಿಟ್ರಲ್ಲ! ಸಾದಾ ಮರದ್ದು ಹಾಕಿ, ಬಂದು ತಗೊಂಡು ಹೋಗ್ತೀನಿ" ಎಂದು ನಕ್ಕು ಹೋದವರು ಮತ್ತೆ ಬರಲಿಲ್ಲ. ಮರದ ಕಟ್ಟಿನ ಆ ಫೋಟೊ ಬಾಗಿಲಿನೆದುರು ಅವರಿಗಾಗಿ ಕಾದೇ ಇತ್ತು.

ಆಮೇಲೆ ಮೊಬೈಲು ಬಂತು. "ಖ್ಯಾತ ಗಾಯಕಿಗೆ ಏನಾಯಿತು? ಕಣ್ಣೀರಲ್ಲಿ ಕುಟುಂಬ!" ಎಂಬ ತಲೆಬರಹ ನೋಡಿದ್ದೇ ಮಾವ ಅಂಗಡಿ ಮುಚ್ಚಿ, ಊಟ ಬಿಟ್ಟು ಮಲಗಿದರು. ನಾನು ಕೆಳಗಿನದನ್ನು ಓದಿದೆ. ಮೊಮ್ಮಗಳ ಮದುವೆಯಲ್ಲಿ ಎಲ್ಲರೂ ಅತ್ತಿದ್ದರು, ಅಷ್ಟೇ. ಅದರಡಿ ನೂರಾರು ಜನ ಆತ್ಮಕ್ಕೆ ಶಾಂತಿ ಕೋರಿದ್ದರು.

"ನಾನೂ ಬರೆದುಬಿಟ್ಟೆನಲ್ಲೋ, ಬದುಕಿರೋರಿಗೆ! ಅಳಿಸೋಕೆ ಬರುತ್ತೇನೋ?" ಎಂದು ಎದ್ದು ಕೂತ ಮಾವ, ನಗುತ್ತಲೇ ಹೋಗಿ ಫೋಟೊದ ಗಾಜು ಒರೆಸಿದರು.

ಆ ಗಾಯಕಿಯ ಬಗ್ಗೆ ಅಂಥ ತಲೆಬರಹಗಳು ಬರುತ್ತಲೇ ಇದ್ದವು. "ಮಾನಗೆಟ್ಟೋರು, ಬರೀ ಸುಳ್ಳು" ಎಂದು ಎದುರಿನ ದರ್ಜಿ ಬೈಯುತ್ತಲೇ ಎಲ್ಲವನ್ನೂ ಒತ್ತಿ ನೋಡುತ್ತಿದ್ದ. ಮಾವ ಮಾತ್ರ, "ಸುಳ್ಳಾಗಿದ್ದು ಒಳ್ಳೇದೇ ಆಯ್ತಲ್ಲಯ್ಯಾ" ಎಂದು ಗಾಜು ಒರೆಸಲು ಏಳುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಬಂದ ತಲೆಬರಹದಲ್ಲಿ ಉದ್ಗಾರವಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಮಾವ ಮೊಬೈಲನ್ನು ನನ್ನ ಕೈಗಿತ್ತು, "ಕೆಳಗೆ ಓದು" ಎಂದರು. ಕೊನೆಯ ಸಾಲಿನವರೆಗೂ ಓದಿ ಮೊಬೈಲನ್ನು ಅವರತ್ತ ಚಾಚಿದೆ.

"ಇನ್ನೂ ಕೆಳಗೆ ಹೋಗು."

ಅಲ್ಲಿ, ಎಷ್ಟೋ ಸಲ ಮೋಸಹೋದ ಓದುಗರು ನಗುತ್ತಿದ್ದರು: "ಮತ್ತೆ ಸಾಯಿಸಿದ್ರಾ? ಪಾಪ, ಅವರಿಗಾದ್ರೂ ಹೇಳಿದೀರಾ?"

ಮಾವನ ಮುಖ ಅರಳಿತು. "ನೋಡು, ಜನಾನೇ ನಂಬ್ತಿಲ್ಲ."

"ಈ ಸಲ ನಿಜ, ಮಾವ. ಫೋಟೊ ಅವರ ಮನೆಗೆ ಕೊಟ್ಟು ಬರೋಣ."

ಅವರು ಫೋಟೊ ಇಳಿಸಿ, ಗಾಜಿಗೆ ಬಾಯಿಯ ಹಬೆ ಊದಿ, ನಿಧಾನವಾಗಿ ಒರೆಸಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದರು.

"ಇರಲಿ ಬಿಡೋ. ಬಂದು ಕೇಳಿದ್ರೆ ಏನು ಹೇಳೋದು?"

ಸುಳ್ಳು ಸುದ್ದಿಯಿಂದ ಸಿಟ್ಟು ಕಲಿತವರನ್ನು ನಾವು ದಿನವೂ ನೋಡುತ್ತೇವೆ. ಅದರಿಂದಲೇ ಕಾಯುವುದನ್ನು ಕಲಿತ ಇಂಥವರೂ ಅಲ್ಲಲ್ಲಿ ಇರುತ್ತಾರೆ. ನಿಜ ತಮ್ಮ ಬಾಗಿಲಿಗೇ ಬಂದು ನಿಂತಾಗಲೂ, ಅದರ ಕೆಳಗೆ ಇನ್ನೊಂದು ಸಾಲು ಇದ್ದೇ ಇರುತ್ತದೆಂದು ನಂಬಿ, ಯಾರದೋ ಗಾಜನ್ನು ಒರೆಸುತ್ತಿರುತ್ತಾರೆ.